ಬಿಯರ್‌ಗೆ ಅಂಕ ಕೊಡುವುದು ನಾಲಿಗೆಯೋ, ಲೇಬಲ್ಲೋ?

ಏಪ್ರಿಲ್–ಮೇ ತಿಂಗಳಲ್ಲಿ ಜಗಳೂರಿನ ಬಿಸಿಲು 40 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಆ ದಿನಗಳಲ್ಲಿ ‘ಯಾವ ಬಿಯರ್ ಚೆನ್ನಾಗಿದೆ?’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಚಿಲ್ಡ್ ಇದ್ರೆ ಯಾವುದಾದ್ರೂ ಸರಿ, ಇಲ್ದಿದ್ರೆ ವೇಸ್ಟು’. ಈ ಉತ್ತರದಲ್ಲಿ ಬಿಯರ್‌ನ ಬಗ್ಗೆ ಏನೂ ಇಲ್ಲ, ಇರುವುದೆಲ್ಲ ಫ್ರಿಜ್ಜಿನ ಬಗ್ಗೆ. ಆದರೂ ಅದರಲ್ಲಿ ಒಂದು ಸತ್ಯವಿದೆ. ತುಂಬ ತಣ್ಣಗಿದ್ದಾಗ ಎಲ್ಲ ಬಿಯರ್‌ಗಳೂ ಒಂದೇ ಥರ ಅನ್ನಿಸುವುದು ನಿಜ.

ಹಾಗಿದ್ದರೆ ‘ಈ ಪೇಲ್ ಏಲ್‌ಗೆ 5ರಲ್ಲಿ 4 ಸ್ಟಾರ್’, ‘ಇದು 50ಕ್ಕೆ 38’ ಎಂದು ಅಂಕ ಕೊಡುವವರು ಅಳೆಯುವುದು ಏನನ್ನು? ಆ ಅಂಕ ಬೆಂಗಳೂರಿನಲ್ಲಿ ಕುಡಿದವರಿಗೂ ಜಗಳೂರಿನಲ್ಲಿ ಬಾಟಲಿ ತೆರೆದವರಿಗೂ ಒಂದೇ ಆಗುತ್ತದೆಯೇ? ಮದ್ಯ ಕುಡಿಯಿರಿ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಆದರೆ ರುಚಿಯ ಬಗ್ಗೆ, ಬಾಟಲಿಯ ಬಗ್ಗೆ, ಆರೋಗ್ಯದ ಬಗ್ಗೆ ಬಿಯರ್ ಸುತ್ತ ಇರುವಷ್ಟು ನಂಬಿಕೆಗಳು ಬೇರೆ ಪಾನೀಯಗಳ ಸುತ್ತ ಕಡಿಮೆ. ಅವುಗಳಲ್ಲಿ ಕೆಲವು ಅಪಾಯಕಾರಿ ಕೂಡ.

ಪೇಲ್ ಏಲ್ ಎಂದರೆ ಏನು?

ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವ ಬಿಯರ್ ಹೆಚ್ಚಾಗಿ ಲಾಗರ್. ಕಿಂಗ್‌ಫಿಷರ್ ಕೂಡ ಲಾಗರ್ ಜಾತಿಯದೇ. ಲಾಗರ್‌ಗೂ ಏಲ್‌ಗೂ ಇರುವ ಮುಖ್ಯ ವ್ಯತ್ಯಾಸ ಯೀಸ್ಟ್‌ನದು. ಲಾಗರ್‌ನ ಯೀಸ್ಟ್ ಸುಮಾರು 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ತನ್ನದೇ ಆದ ಪರಿಮಳವನ್ನು ಹೆಚ್ಚು ಬಿಡುವುದಿಲ್ಲ. ಏಲ್‌ನ ಯೀಸ್ಟ್ 15ರಿಂದ 24 ಡಿಗ್ರಿಯಲ್ಲಿ ಬೇಗ ಹುದುಗಿಸಿ ಎಸ್ಟರ್ ಎಂಬ ಹಣ್ಣಿನ ಘಮದ ವಸ್ತುಗಳನ್ನು ಉಳಿಸಿ ಹೋಗುತ್ತದೆ. ‘ಪೇಲ್’ ಎಂದರೆ ತಿಳಿ ಬಣ್ಣ. ಬಾರ್ಲಿಯನ್ನು ಮೊಳಕೆ ಬರಿಸಿ, ಹೆಚ್ಚು ಕಪ್ಪಾಗದಂತೆ ಹದವಾಗಿ ಒಣಗಿಸಿದ ಮಾಲ್ಟ್‌ನಿಂದ ಈ ಬಣ್ಣ ಬರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪೇಲ್ ಏಲ್‌ಗೆ ಗುರುತು ಕೊಡುವುದು ಹಾಪ್ಸ್ ಎಂಬ ಹೂವು. ಇದು ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಬಳ್ಳಿ, ಆದರೆ ಅಮಲು ತರುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಹಾಪ್ಸ್ ಹಾಕಿ ಕುದಿಸಿದಾಗ ಅದರಲ್ಲಿರುವ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ. ಈ ಕಹಿಯನ್ನು ಐಬಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮೂಹಿಕವಾಗಿ ತಯಾರಾಗುವ ಲಾಗರ್‌ಗಳಲ್ಲಿ ಇದು ಸಾಮಾನ್ಯವಾಗಿ 8ರಿಂದ 15ರ ಆಸುಪಾಸಿನಲ್ಲಿದ್ದರೆ, ಅಮೆರಿಕನ್ ಶೈಲಿಯ ಪೇಲ್ ಏಲ್‌ನಲ್ಲಿ 30ರಿಂದ 50. ಲಾಗರ್ ಕುಡಿದು ರೂಢಿಯಿದ್ದವರು ಮೊದಲ ಸಲ ಪೇಲ್ ಏಲ್ ಕುಡಿದು ‘ಇದೇನು ಹಾಗಲಕಾಯಿ ರಸ’ ಎಂದು ಮುಖ ಹಿಂಡುವುದಕ್ಕೆ ಇದೇ ಕಾರಣ. ಅದು ಕೆಟ್ಟಿಲ್ಲ, ಇರಬೇಕಾದದ್ದೇ ಹಾಗೆ.

ಧಾನ್ಯದ ಮಾತು ಬಂದಿತು. ದೊಡ್ಡ ಕಂಪನಿಗಳ ಬಿಯರ್‌ಗಳಲ್ಲಿ ಬಾರ್ಲಿಯ ಜೊತೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆಯನ್ನೂ ಬಳಸುವುದು ಸಾಮಾನ್ಯ. ಹೊನ್ನಾಳಿ, ಚನ್ನಗಿರಿ ಕಡೆಯ ಭತ್ತ ಮತ್ತು ಜಗಳೂರಿನ ಮೆಕ್ಕೆಜೋಳ ನೋಡಿ ಬೆಳೆದವರಿಗೆ ಇದು ಕಲಬೆರಕೆ ಅನ್ನಿಸಬಹುದು. ಅದು ಕಲಬೆರಕೆಯಲ್ಲ. ಈ ಧಾನ್ಯಗಳ ಪಿಷ್ಟ ಸಕ್ಕರೆಯಾಗಿ, ಆಮೇಲೆ ಆಲ್ಕೋಹಾಲ್ ಆಗುತ್ತದೆ. ಆದರೆ ಬಾರ್ಲಿ ಮಾಲ್ಟ್ ಕೊಡುವ ಬ್ರೆಡ್ಡಿನಂಥ ಘಮ, ಬಾಯಿಗೆ ಸಿಗುವ ಗಟ್ಟಿತನ ಇವುಗಳಿಂದ ಬರುವುದಿಲ್ಲ. ಬಿಯರ್ ತೆಳುವಾಗುತ್ತದೆ, ಹಗುರಾಗುತ್ತದೆ. ಬಿಸಿಲೂರಿನಲ್ಲಿ ಅದನ್ನೇ ಇಷ್ಟಪಡುವವರು ಬಹಳ.

ಹೆಸರಲ್ಲಿರುವ ಇಂಡಿಯಾ

ಪೇಲ್ ಏಲ್‌ನ ಒಂದು ಕವಲಿಗೆ ‘ಇಂಡಿಯಾ ಪೇಲ್ ಏಲ್’ ಎಂದೇ ಹೆಸರು. ಇದರ ಬಗ್ಗೆ ಎಲ್ಲ ಕಡೆ ಓದಲು ಸಿಗುವ ಕಥೆ ಹೀಗಿದೆ: ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಹಡಗಿನಲ್ಲಿ ಬಿಯರ್ ಹುಳಿಯಾಗಿ ಹಾಳಾಗುತ್ತಿತ್ತು, ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಎಂಬವರು ಹೆಚ್ಚು ಹಾಪ್ಸ್, ಹೆಚ್ಚು ಆಲ್ಕೋಹಾಲ್ ಹಾಕಿ ಹೊಸ ಬಿಯರ್ ಕಂಡುಹಿಡಿದರು. ಇದರಲ್ಲಿ ಅರ್ಧ ಮಾತ್ರ ನಿಜ. ಹಾಡ್ಜ್‌ಸನ್ ಅವರ ಬೋ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಜಾಗಕ್ಕೆ ಹತ್ತಿರವಿತ್ತು, ವ್ಯಾಪಾರ ಕುದುರಿತು. ಆದರೆ ಹಾಪ್ಸ್ ಹೆಚ್ಚಿರುವ ತಿಳಿ ಬಣ್ಣದ ಬಿಯರ್ ಅದಕ್ಕೂ ಮೊದಲೇ ಇತ್ತು. ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಭಾರತಕ್ಕೆ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್ ಮುಂತಾದವರು ಈ ವ್ಯಾಪಾರಕ್ಕೆ ಇಳಿದ ಮೇಲೆ ಬೋ ಬ್ರೂವರಿಯ ಹಿಡಿತ ಸಡಿಲವಾಯಿತು.

ಬರ್ಟನ್‌ನವರನ್ನು ಗೆಲ್ಲಿಸಿದ್ದು ಅಲ್ಲಿನ ಬಾವಿ ನೀರು. ಜಿಪ್ಸಂ ಕರಗಿದ ಆ ಗಡಸು ನೀರಿನಲ್ಲಿ ಸಲ್ಫೇಟ್ ಹೆಚ್ಚು, ಅದು ಹಾಪ್ಸ್‌ನ ಕಹಿಯನ್ನು ಚುರುಕಾಗಿಸುತ್ತದೆ. ‘ನಮ್ಮ ಬೋರ್‌ವೆಲ್ ನೀರೂ ಗಡಸೇ ಅಲ್ಲವೇ?’ ಎಂದು ಜಗಳೂರಿನವರು ಕೇಳಬಹುದು. ಗಡಸುತನವೆಲ್ಲ ಒಂದೇ ಅಲ್ಲ. ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟಿಸುವುದು ಬೈಕಾರ್ಬನೇಟ್‌ನ ಗಡಸುತನ, ಅದು ತಿಳಿ ಬಣ್ಣದ ಬಿಯರ್‌ಗೆ ಒಗ್ಗುವುದಿಲ್ಲ. ಈಗಿನ ಕಾರ್ಖಾನೆಗಳು ನೀರನ್ನು ಶುದ್ಧೀಕರಿಸಿ ಬೇಕಾದ ಲವಣಗಳನ್ನು ತಾವೇ ಸೇರಿಸಿಕೊಳ್ಳುತ್ತವೆ.

ಭಾರತದಲ್ಲೇ ಬಿಯರ್ ತಯಾರಿ ಶುರುವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಎಡ್ವರ್ಡ್ ಡೈಯರ್ ಹಿಮಾಚಲದ ಕಸೌಲಿಯಲ್ಲಿ ಶುರುಮಾಡಿದ ಕಾರ್ಖಾನೆಯ ಲಯನ್ ಬಿಯರ್ ಮೊದಲಿಗೆ ಇಂಡಿಯಾ ಪೇಲ್ ಏಲ್ ಆಗಿದ್ದು, ಆಮೇಲೆ ಲಾಗರ್ ಆಯಿತು. ದಕ್ಷಿಣದಲ್ಲಿ ಥಾಮಸ್ ಲೀಶ್‌ಮನ್ 1915ರಲ್ಲಿ ಹಲವು ಸಣ್ಣ ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ವಿಠಲ್ ಮಲ್ಯ ಅದರ ನಿರ್ದೇಶಕರಾದರು. ಹೆಸರಲ್ಲಿ ಇಂಡಿಯಾ ಇದ್ದ ಬಿಯರ್ ಇಂಡಿಯಾದಿಂದಲೇ ಮರೆಯಾಗಿ, ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೂಲಕ ಮತ್ತೆ ಬಂತು.

ನಾಲಿಗೆ ಹೇಳುವುದೆಷ್ಟು, ಮೂಗು ಹೇಳುವುದೆಷ್ಟು?

ಶಾಲೆಯಲ್ಲಿ ನಾಲಿಗೆಯ ನಕ್ಷೆ ಬರೆದದ್ದು ನೆನಪಿದೆಯೇ? ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ. ಇದು ತಪ್ಪು. 1901ರಲ್ಲಿ ಜರ್ಮನಿಯ ಹೇನಿಗ್ ನಾಲಿಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಸಣ್ಣ ವ್ಯತ್ಯಾಸಗಳನ್ನು ಗುರುತಿಸಿದ್ದರು. 1942ರಲ್ಲಿ ಎಡ್ವಿನ್ ಬೋರಿಂಗ್ ಅವರ ಪುಸ್ತಕದಲ್ಲಿ ಅದು ಬಂದ ರೀತಿಯಿಂದ ಸಣ್ಣ ವ್ಯತ್ಯಾಸವೇ ದೊಡ್ಡ ಗಡಿಯಂತೆ ಕಾಣತೊಡಗಿತು. ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ಮೂಲ ರುಚಿಗಳೂ ತಿಳಿಯುತ್ತವೆ.

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಇಷ್ಟೇ. ‘ಕಿತ್ತಳೆ ಸಿಪ್ಪೆಯ ಹಾಗಿದೆ’, ‘ಹುಲ್ಲಿನ ವಾಸನೆ’, ‘ಬ್ರೆಡ್ಡಿನ ಹಾಗೆ’ ಎಂಬುದನ್ನೆಲ್ಲ ಹೇಳುವುದು ಮೂಗು. ನುಂಗಿದ ಮೇಲೆ ಗಂಟಲ ಹಿಂಬದಿಯಿಂದ ಗಾಳಿ ಮೂಗಿಗೆ ಏರುವಾಗ ಪರಿಮಳ ತಿಳಿಯುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದರಿಂದಲೇ. ಬಾಟಲಿಗೆ ಬಾಯಿಟ್ಟು ಕುಡಿಯುವವರಿಗೆ ಬಿಯರ್‌ನ ಮೇಲ್ಮೈಯಿಂದ ಏಳುವ ಘಮ ಸಿಗುವುದೇ ಇಲ್ಲ.

ತಣ್ಣಗಿದ್ದರೆ ಏನಾಗುತ್ತದೆ? ಪರಿಮಳದ ಅಣುಗಳು ಆವಿಯಾಗುವುದು ಕಡಿಮೆಯಾಗುತ್ತದೆ. ರುಚಿಕೋಶಗಳಲ್ಲಿ ಸಿಹಿ, ಕಹಿಯ ಸಂಕೇತ ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಕೂಡ ತಂಪಿನಲ್ಲಿ ಮಂಕಾಗುತ್ತದೆ. ಕರಗಿದ ಐಸ್‌ಕ್ರೀಂ ಅತಿ ಸಿಹಿ ಅನ್ನಿಸುವುದು ಇದೇ ಕಾರಣಕ್ಕೆ. ಹಾಗಾಗಿ ಲಾಗರ್ 4ರಿಂದ 7 ಡಿಗ್ರಿಯಲ್ಲಿದ್ದರೂ ನಡೆಯುತ್ತದೆ, ಪೇಲ್ ಏಲ್‌ನ ರುಚಿ ನೋಡಲು 7ರಿಂದ 12 ಡಿಗ್ರಿ ಬೇಕು. ಜಗಳೂರಿನ ಮೇ ತಿಂಗಳಲ್ಲಿ ಇದಕ್ಕೆ ಕಷ್ಟಪಡಬೇಕಿಲ್ಲ, ಫ್ರಿಜ್ಜಿನಿಂದ ತೆಗೆದು ಗ್ಲಾಸಿಗೆ ಸುರಿದು ಕೆಲವೇ ನಿಮಿಷ ಬಿಟ್ಟರೆ ಸಾಕು.

ಇನ್ನು ನೊರೆ. ‘ನೊರೆ ಬಂದರೆ ಬಿಯರ್ ಕಡಿಮೆ, ಮೋಸ’ ಎಂದು ಗ್ಲಾಸನ್ನು ಓರೆ ಹಿಡಿದು ಒಂದಿಷ್ಟೂ ನೊರೆ ಬಾರದಂತೆ ಸುರಿಯುವವರಿದ್ದಾರೆ. ನೊರೆಯ ಗುಳ್ಳೆಗಳು ಒಡೆಯುವಾಗಲೇ ಪರಿಮಳ ಮೇಲೇಳುತ್ತದೆ. ಎರಡು ಬೆರಳಿನಷ್ಟು ನೊರೆ ಬರಲಿ. ನೊರೆ ಕೂಡಲೇ ಸತ್ತರೆ ಬಿಯರ್ ಕೆಟ್ಟದ್ದು ಎಂದು ತೀರ್ಮಾನಿಸುವ ಮೊದಲು ಗ್ಲಾಸು ನೋಡಿ. ಸಾಬೂನಿನ ಪಸೆಯೋ ಮೆಣಸಿನಕಾಯಿ ಬಜ್ಜಿಯ ಎಣ್ಣೆಯೋ ಅಂಟಿದ್ದರೆ ಎಂಥ ನೊರೆಯೂ ನಿಲ್ಲುವುದಿಲ್ಲ.

ಬಜ್ಜಿಯ ವಿಷಯವನ್ನೂ ಹೇಳಿಬಿಡಬೇಕು. ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿ–ಮೆಣಸಿನಕಾಯಿ ಇಲ್ಲದೆ ಸಂಜೆಯೇ ಇಲ್ಲ, ಒಪ್ಪುತ್ತೇವೆ. ಆದರೆ ಖಾರ ಎಂಬುದು ರುಚಿಯಲ್ಲ, ಉರಿಯ ಸಂವೇದನೆ. ಬಿಯರ್‌ನ ಗ್ಯಾಸ್ ಆ ಉರಿಗೆ ಇನ್ನಷ್ಟು ಚುಚ್ಚು ಸೇರಿಸುತ್ತದೆ. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಬಿಯರ್ ಬಹುಪಾಲು ನೀರೇ. ಉರಿ ಆರಬೇಕಾದರೆ ಮಜ್ಜಿಗೆ ಕುಡಿಯಬೇಕು. ಬಜ್ಜಿ ತಿಂದ ಬಾಯಲ್ಲಿ ಪೇಲ್ ಏಲ್‌ಗೆ ಅಂಕ ಕೊಡುವುದು ಲೌಡ್‌ಸ್ಪೀಕರ್ ಪಕ್ಕ ನಿಂತು ಕೊಳಲು ಕೇಳಿದಂತೆ.

ಮೆಕ್ಕೆಜೋಳ, ಬೆಣ್ಣೆ, ಒದ್ದೆ ರಟ್ಟು

ಬಿಯರ್‌ನ ದೋಷಗಳನ್ನು ಹಿಡಿಯಲು ತರಬೇತಿ ಬೇಕು ಎನ್ನುತ್ತಾರೆ. ನಮ್ಮ ಜಿಲ್ಲೆಯವರ ಮೂಗಿಗೆ ಅರ್ಧ ತರಬೇತಿ ಆಗಲೇ ಆಗಿದೆ. ಬಿಯರ್‌ನಲ್ಲಿ ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಅದು ಡೈಮೀಥೈಲ್ ಸಲ್ಫೈಡ್. ಮೆಕ್ಕೆಜೋಳ ಹಾಕಿದ್ದಕ್ಕೆ ಬಂದದ್ದಲ್ಲ, ಬಾರ್ಲಿ ಮಾಲ್ಟ್‌ನಲ್ಲಿರುವ ಒಂದು ವಸ್ತು ಕುದಿಯುವಾಗ ಸರಿಯಾಗಿ ಆವಿಯಾಗಿ ಹೋಗದಿದ್ದರೆ ಉಳಿಯುವ ವಾಸನೆ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್, ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದರ ಗುರುತು. ದೋಸೆಯ ಮೇಲೆ ಬೆಣ್ಣೆ ಎಷ್ಟು ಚೆಂದವೋ ಬಿಯರ್‌ನಲ್ಲಿ ಅಷ್ಟೇ ಅಸಹ್ಯ.

ಕಾರ್ಖಾನೆಯಿಂದ ಚೆನ್ನಾಗಿಯೇ ಹೊರಟ ಬಿಯರ್ ದಾರಿಯಲ್ಲಿ ಕೆಡುವುದೂ ಇದೆ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ವಸ್ತು ಒಡೆದು, ಸ್ಕಂಕ್ ಎಂಬ ಪ್ರಾಣಿ ಬಿಡುವ ದುರ್ವಾಸನೆಯನ್ನು ಹೋಲುವ ಗಂಧಕದ ಸಂಯುಕ್ತ ಹುಟ್ಟುತ್ತದೆ. ಪಾರದರ್ಶಕ ಅಥವಾ ಹಸಿರು ಬಾಟಲಿಯಲ್ಲಿ ಇದಕ್ಕೆ ಕೆಲವೇ ನಿಮಿಷಗಳ ಬಿಸಿಲು ಸಾಕು. ‘ಹಸಿರು ಬಾಟಲಿ ಎಂದರೆ ಫಾರಿನ್ ಕ್ವಾಲಿಟಿ’ ಎಂಬ ನಂಬಿಕೆ ತಲೆಕೆಳಗಾದದ್ದು. ಕಂದು ಬಾಟಲಿ ಹೆಚ್ಚು ರಕ್ಷಣೆ ಕೊಡುತ್ತದೆ, ಕ್ಯಾನ್ ಪೂರ್ತಿ ಕೊಡುತ್ತದೆ.

ಬೆಳಕಿಗಿಂತ ದೊಡ್ಡ ಶತ್ರು ಶಾಖ. ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಏರಿದರೆ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬ ಅಂದಾಜು ಲೆಕ್ಕವಿದೆ. ಅದರ ಪ್ರಕಾರ 5 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟ ಬಾಟಲಿಗಿಂತ 35 ಡಿಗ್ರಿಯ ಗೋದಾಮಿನಲ್ಲಿಟ್ಟ ಬಾಟಲಿ ಎಂಟು ಪಟ್ಟು ಬೇಗ ಮುದಿಯಾಗುತ್ತದೆ. ಮುದಿ ಬಿಯರ್‌ಗೆ ಮಳೆಯಲ್ಲಿ ನೆಂದ ರಟ್ಟಿನ ವಾಸನೆ. ಲಾಗರ್‌ನಲ್ಲಿ ಕಳೆದುಕೊಳ್ಳಲು ಪರಿಮಳವೇ ಕಡಿಮೆ. ಪೇಲ್ ಏಲ್‌ನ ಬಂಡವಾಳವೇ ಹಾಪ್ಸ್‌ನ ಘಮ, ಮೊದಲು ಹೋಗುವುದೂ ಅದೇ. ಹಾಗಾದರೆ ಆರು ತಿಂಗಳು ಹಡಗಿನಲ್ಲಿ ಬಂದದ್ದು ಹೇಗೆ ಉಳಿಯಿತು? ಹಾಪ್ಸ್‌ನ ಕಹಿ ಬ್ಯಾಕ್ಟೀರಿಯಾಗಳನ್ನು ತಡೆದು ಬಿಯರ್ ಹುಳಿಯಾಗದಂತೆ ನೋಡಿಕೊಂಡಿತು. ಅಂದಿನವರು ಬಯಸಿದ್ದು ಮಾಗಿದ ರುಚಿ, ಇಂದಿನವರು ಬಯಸುವುದು ಆಗಷ್ಟೇ ಕಿತ್ತ ಹೂವಿನ ಘಮ.

ಬೆಂಗಳೂರಿನಲ್ಲಿ ತಯಾರಾದ ಜಾಗದಲ್ಲೇ ಕುಡಿದು ಯಾರೋ ಕೊಟ್ಟ 4 ಸ್ಟಾರ್, ಲಾರಿಯಲ್ಲಿ ಬಂದು ಬೇಸಿಗೆಯ ಗೋದಾಮಿನಲ್ಲಿ ಮೂರು ತಿಂಗಳು ಕೂತ ಬಾಟಲಿಗೆ ಅನ್ವಯಿಸುವುದಿಲ್ಲ. ಸ್ಟಾರ್ ನೋಡುವ ಬದಲು ಲೇಬಲ್ಲಿನ ಮೇಲಿರುವ ತಯಾರಿಕೆಯ ದಿನಾಂಕ ನೋಡುವುದು ಹೆಚ್ಚು ಉಪಯೋಗ.

ಕಣ್ಣು ಕಟ್ಟಿದರೆ

ಇಷ್ಟೆಲ್ಲ ಸರಿಯಾದರೂ ಇನ್ನೊಂದು ತೊಡಕಿದೆ, ಅದು ನಮ್ಮ ತಲೆಯೊಳಗೆ. 1964ರಲ್ಲಿ ಆಲಿಸನ್ ಮತ್ತು ಉಲ್ ಎಂಬ ಅಮೆರಿಕದ ಸಂಶೋಧಕರು ಲೇಬಲ್ ತೆಗೆದ ಬಿಯರ್ ಬಾಟಲಿಗಳನ್ನು ಕುಡುಕರ ಮನೆಗೇ ಕೊಟ್ಟು ಅಂಕ ಕೇಳಿದರು. ಜನರಿಗೆ ತಮ್ಮ ಮೆಚ್ಚಿನ ಬ್ರ್ಯಾಂಡನ್ನು ಗುರುತಿಸಲಾಗಲಿಲ್ಲ. ಲೇಬಲ್ ಹಚ್ಚಿ ಅದೇ ಬಿಯರ್ ಕೊಟ್ಟಾಗ ಅಂಕಗಳು ಏರಿದವು. 2006ರಲ್ಲಿ ಪ್ರಕಟವಾದ ಲೀ, ಫ್ರೆಡರಿಕ್, ಏರಿಯಲಿ ಅವರ ಪ್ರಯೋಗ ಇನ್ನೂ ತಮಾಷೆಯದು. ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿದ್ದರು. ಏನೂ ತಿಳಿಸದಿದ್ದಾಗ ಹೆಚ್ಚು ಜನ ಆ ವಿನೆಗರ್ ಬಿಯರನ್ನೇ ಮೆಚ್ಚಿದರು. ಕುಡಿಯುವ ಮೊದಲೇ ತಿಳಿಸಿದಾಗ ಮೆಚ್ಚಿದವರು ತುಂಬ ಕಡಿಮೆಯಾದರು. ಕುಡಿದ ಮೇಲೆ ತಿಳಿಸಿದಾಗ ಮೆಚ್ಚುಗೆ ಅಷ್ಟಾಗಿ ಇಳಿಯಲಿಲ್ಲ. ಅಂದರೆ ಮೊದಲೇ ಕೇಳಿದ ಮಾತು ಅಭಿಪ್ರಾಯವನ್ನಷ್ಟೇ ಅಲ್ಲ, ಆ ಗುಟುಕಿನ ರುಚಿಯನ್ನೇ ಬದಲಿಸುತ್ತದೆ.

ಇದಕ್ಕೆ ಬ್ರೂವರಿಗಳಲ್ಲೇ ಬಳಸುವ ಮದ್ದು ತ್ರಿಕೋನ ಪರೀಕ್ಷೆ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆಯದು. ಬೇರೆ ಇರುವುದು ಯಾವುದು ಎಂದಷ್ಟೇ ಹೇಳಬೇಕು. ಸುರಿಯುವವರು ಒಬ್ಬರು, ತಂದು ಕೊಡುವವರು ಇನ್ನೊಬ್ಬರಾಗಿರಲಿ. ಇಲ್ಲದಿದ್ದರೆ ಸುರಿದವರ ಮುಖ ನೋಡಿಯೇ ಉತ್ತರ ಗೊತ್ತಾಗುತ್ತದೆ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುವುದರಿಂದ ಒಂದೇ ಸಲ ಗೆದ್ದವರು ಮೀಸೆ ತಿರುವಬೇಕಿಲ್ಲ. ಆರು ಸುತ್ತಿನಲ್ಲಿ ನಾಲ್ಕು ಅಥವಾ ಹೆಚ್ಚು ಸಲ ಊಹೆಯಿಂದಲೇ ಸರಿಯಾಗುವ ಸಾಧ್ಯತೆ ಶೇ 10. ಐದು ಅಥವಾ ಹೆಚ್ಚಾದರೆ ಶೇ 2ಕ್ಕಿಂತ ಕಡಿಮೆ, ಆಗ ನಿಮ್ಮ ಮೂಗನ್ನು ನಂಬಬಹುದು. ಇಂಥ ಸಣ್ಣ ಲೆಕ್ಕಗಳಿಂದ ಎಷ್ಟು ಖಚಿತವಾಗಿ ಮಾತಾಡಬಹುದು ಎಂಬ ಸಂಖ್ಯಾಶಾಸ್ತ್ರಕ್ಕೂ ಬಿಯರ್‌ಗೂ ನಂಟಿದೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅದರ ಅಡಿಪಾಯ ಹಾಕಿದ ವಿಲಿಯಂ ಗಾಸೆಟ್ ಗಿನ್ನೆಸ್ ಕಂಪನಿಯ ಉದ್ಯೋಗಿ.

ಕುಡಿಯದವರು ಇದೇ ಆಟವನ್ನು ಎರಡು ಅಂಗಡಿಯ ಚಹಾದಲ್ಲೋ ಮಜ್ಜಿಗೆಯಲ್ಲೋ ಆಡಬಹುದು. ನಮಗೆ ಕೇಳಿದರೆ ಅದರಲ್ಲೇ ಮಜಾ ಹೆಚ್ಚು.

ವ್ಯತ್ಯಾಸ ಇದೆ ಎಂದು ಗೊತ್ತಾದ ಮೇಲಷ್ಟೇ ಅಂಕದ ಮಾತು. ಅಮೆರಿಕದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಪಟ್ಟಿಯಲ್ಲಿ ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ 10. ಜಾಹೀರಾತುಗಳು ತೋರಿಸುವ ಹೊಂಬಣ್ಣ, ಬುರುಗು ನೊರೆ, ಹನಿಗಟ್ಟಿದ ಗ್ಲಾಸು ಇವೆಲ್ಲ ಸೇರಿ ಸಿಗುವುದು 3 ಅಂಕ! ಅಲ್ಲಿ ಪೇಲ್ ಏಲನ್ನು ಪೇಲ್ ಏಲ್ ಎಂದೇ ಅಳೆಯುತ್ತಾರೆ. ಅದು ಲಾಗರ್‌ನಂತೆ ಹಗುರವಾಗಿಲ್ಲ ಎಂದು ಅಂಕ ಕಳೆಯುವುದಿಲ್ಲ.

ಗ್ಲಿಸರಿನ್, ಕಲ್ಲು, ತಂಪು

‘ನಮ್ಮ ಬಿಯರ್‌ನಲ್ಲಿ ಗ್ಲಿಸರಿನ್ ಹಾಕುತ್ತಾರೆ, ಬಾಟಲಿಯನ್ನು ನೀರಿನ ಗ್ಲಾಸಿನಲ್ಲಿ ತಲೆಕೆಳಗೆ ಹಿಡಿದರೆ ಇಳಿದುಹೋಗುತ್ತದೆ’ ಎಂಬ ಸಲಹೆ ಕೇಳಿರಬಹುದು. ಆಗ ಎಳೆ ಎಳೆಯಾಗಿ ಕೆಳಗಿಳಿಯುವುದು ಬಿಯರ್ರೇ. ಉಳಿದ ಸಕ್ಕರೆಗಳಿಂದಾಗಿ ಅದು ನೀರಿಗಿಂತ ತುಸು ಭಾರ, ಅದು ಇಳಿದಷ್ಟೂ ನೀರು ಬಾಟಲಿಯೊಳಕ್ಕೆ ಏರುತ್ತದೆ. ಯೀಸ್ಟ್ ತಾನೇ ತಯಾರಿಸುವ ಗ್ಲಿಸರಾಲ್ ಲೀಟರಿಗೆ ಒಂದೆರಡು ಗ್ರಾಂ ಇರುತ್ತದೆ, ಅದು ಯಾವ ದೇಶದ ಬಿಯರ್‌ನಲ್ಲೂ ಇರುವುದೇ. ಈ ಪರೀಕ್ಷೆ ಮಾಡಿದವರು ನೀರು ಬೆರೆತ ಬಿಯರ್ ಕುಡಿದು ‘ಈಗ ಸ್ಮೂತ್ ಆಯ್ತು’ ಎನ್ನುತ್ತಾರೆ!

‘ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ’ ಎಂಬುದು ಇಷ್ಟು ಹಗುರವಾದ ಮಾತಲ್ಲ. ಬಿಸಿಲಿನಲ್ಲಿ ದುಡಿದು, ಬೆವರು ಸುರಿಸಿ, ನೀರು ಕಡಿಮೆ ಕುಡಿಯುವವರಲ್ಲಿ ಮೂತ್ರಪಿಂಡದ ಕಲ್ಲಿನ ಅಪಾಯ ಹೆಚ್ಚು. ಬಯಲುಸೀಮೆಯ ಹೊಲಗಳಲ್ಲಿ ಅಂಥವರೇ ಹೆಚ್ಚು. ಬಿಯರ್ ಕುಡಿಯುವವರಲ್ಲಿ ಕಲ್ಲು ಕಡಿಮೆ ಕಂಡ ಕೆಲವು ಜನಸಮೂಹ ಅಧ್ಯಯನಗಳು ಇರುವುದು ನಿಜ. ಆದರೆ ಆಗಲೇ ಇರುವ ಕಲ್ಲನ್ನು ಅದು ಕರಗಿಸುತ್ತದೆ ಎಂದು ಅದರ ಅರ್ಥವಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು, ಬಿಯರ್‌ನಲ್ಲಿ ಅವು ಕರಗುವುದಿಲ್ಲ. ಆಲ್ಕೋಹಾಲ್ ಮೂತ್ರ ತಡೆಯುವ ವಾಸೋಪ್ರೆಸಿನ್ ಹಾರ್ಮೋನನ್ನು ಅದುಮುವುದರಿಂದ ಮೂತ್ರ ಹೆಚ್ಚು ಬರುತ್ತದೆ, ಆಮೇಲೆ ದೇಹ ಒಣಗುತ್ತದೆ. ಬಿಯರ್‌ನ ಪ್ಯೂರಿನ್‌ಗಳು ಯೂರಿಕ್ ಆಮ್ಲವನ್ನೂ ಏರಿಸುತ್ತವೆ, ಅದರಿಂದಲೂ ಒಂದು ಬಗೆಯ ಕಲ್ಲು ಆಗುತ್ತದೆ. ಕಲ್ಲು ಮೂತ್ರನಾಳಕ್ಕೆ ಅಡ್ಡ ಸಿಕ್ಕಿಕೊಂಡಿದ್ದಾಗ ಬಾಟಲಿಗಟ್ಟಲೆ ಬಿಯರ್ ಕುಡಿಯುತ್ತ ವಾರಗಟ್ಟಲೆ ಕಾದರೆ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಜ್ವರ, ಚಳಿ ಜೊತೆಗೆ ಪಕ್ಕೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ಬಿಸಿಲಿಗೆ ಬಿಯರ್ ತಂಪು’ ಎಂಬುದಕ್ಕೂ ಇದೇ ಉತ್ತರ: ತಣ್ಣಗಿರುವುದು ಬಾಟಲಿ ಮಾತ್ರ, ದೇಹ ನೀರು ಕಳೆದುಕೊಳ್ಳುತ್ತದೆ.

ಪ್ರಮಾಣದ ಲೆಕ್ಕವೂ ಇರಲಿ. ನಮ್ಮಲ್ಲಿ ಶೇ 5ರವರೆಗಿನದು ಮೈಲ್ಡ್, ಅದರ ಮೇಲೆ ಶೇ 8ರವರೆಗಿನದು ಸ್ಟ್ರಾಂಗ್. 650 ಎಂಎಲ್‌ನ ಶೇ 5ರ ಬಾಟಲಿಯಲ್ಲಿ ಸುಮಾರು 26 ಗ್ರಾಂ, ಶೇ 8ರದ್ದರಲ್ಲಿ 41 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ‘ಬಿಯರ್ ತಾನೇ’ ಎಂದು ಕುಡಿಯುವ ಒಂದು ಸ್ಟ್ರಾಂಗ್ ಬಾಟಲಿ 30 ಎಂಎಲ್‌ನ ನಾಲ್ಕು ಪೆಗ್ ವಿಸ್ಕಿಗೆ ಹೆಚ್ಚುಕಡಿಮೆ ಸಮ. ಆಲ್ಕೋಹಾಲ್‌ನ ಯಾವ ಪ್ರಮಾಣವೂ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಮದ್ಯ 1988ರಿಂದಲೇ ಇದೆ.

ಅಂಕ ಕೊಡಲು ಬಾಟಲಿ ಖಾಲಿ ಮಾಡಬೇಕಿಲ್ಲ, ಗ್ಲಾಸಿಗೆ 50 ಎಂಎಲ್ ಸಾಕು. ಆರು ಸಣ್ಣ ಗ್ಲಾಸಿಗೆ ಒಟ್ಟು 300 ಎಂಎಲ್, ಶೇ 5ರದ್ದಾದರೆ ಸುಮಾರು 12 ಗ್ರಾಂ ಆಲ್ಕೋಹಾಲ್. ಅದಕ್ಕಿಂತ ಮೇಲೆ ಹೋದರೆ ಮೂಗು ಕೂಡ ಮಂಕಾಗುತ್ತದೆ, ನಂತರದ ಅಂಕಗಳಿಗೆ ಬೆಲೆಯಿಲ್ಲ. ಗ್ಲಾಸುಗಳ ನಡುವೆ ನೀರು ಮತ್ತು ಉಪ್ಪು–ಖಾರ ಇಲ್ಲದ ಬರೀ ಮಂಡಕ್ಕಿ ಇಟ್ಟುಕೊಳ್ಳಿ. ಅಂಕವನ್ನು ಜೋರಾಗಿ ಹೇಳದೆ ಮೊದಲು ಚೀಟಿಯಲ್ಲಿ ಬರೆಯಿರಿ. ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಇದ್ದರೂ ಆ ಅಂಚನ್ನು ಪರೀಕ್ಷಿಸುವ ಗೋಜಿಗೆ ಹೋಗದೆ, ಬೈಕಿನ ಕೀಲಿಯನ್ನು ಚಹಾದ ಗ್ಲಾಸು ಹಿಡಿದು ಕೂತವರಿಗೆ ಮೊದಲೇ ಕೊಟ್ಟುಬಿಡಿ.